ಬ್ರಾಸಾನ್ಸ್ ತಡವಾಗಿ ವೇದಿಕೆ ಏರಿದ್ದೇಕೆ?

ಮಾನ್ಯರೇ, ಜಾರ್ಜ್ ಬ್ರಾಸಾನ್ಸ್ ಅವರಂತಹ ಫ್ರೆಂಚ್ ಗೀತರಚನೆಕಾರ-ಗಾಯಕರು ಮೂವತ್ತರ ವಯಸ್ಸಿನವರೆಗೂ ಅಜ್ಞಾತರಾಗಿ ಉಳಿದದ್ದು ಎರಡನೇ ಮಹಾಯುದ್ಧದಿಂದಲೇ ಅಲ್ಲವೇ ಎಂದು ನೀವು ಪ್ರಶ್ನಿಸಿದ್ದೀರಿ. ಯುದ್ಧವು ಕಾರಣಗಳಲ್ಲಿ ಒಂದು ಮಾತ್ರ. 1921ರಲ್ಲಿ ಫ್ರಾನ್ಸ್‌ನ ಸೆಟ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದ ಅವರನ್ನು 1943ರಲ್ಲಿ ಕಡ್ಡಾಯ ದುಡಿಮೆಗೆಂದು ಜರ್ಮನಿಗೆ ಕಳುಹಿಸಲಾಯಿತು. ಮರುವರ್ಷ ರಜೆಯ ಮೇಲೆ ಪ್ಯಾರಿಸ್‌ಗೆ ಬಂದವರು ಹಿಂದಿರುಗದೆ ಝಾನ್ ಎಂಬ ಮಹಿಳೆಯ ಮನೆಯಲ್ಲಿ ತಲೆಮರೆಸಿಕೊಂಡರು, ಮತ್ತು ಆಗ ನಲ್ಲಿಯಾಗಲಿ ವಿದ್ಯುತ್ತಾಗಲಿ ಇಲ್ಲದಿದ್ದ ಆ ಮನೆಯಲ್ಲಿಯೇ ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿದರು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದುದು ಅವರ ಸಂಕೋಚ. ತಮ್ಮ ಹಾಡುಗಳನ್ನು ಬೇರೆಯವರು ಹಾಡಲಿ ಎಂಬುದೇ ಅವರ ಇಚ್ಛೆಯಾಗಿತ್ತು. 1952ರಲ್ಲಿ ಪ್ಯಾರಿಸ್‌ನ ಮೊಂಮಾರ್ತ್ರ್ ಬಡಾವಣೆಯಲ್ಲಿ ಕ್ಯಾಬರೆ (ಊಟದೊಂದಿಗೆ ಹಾಡು ಕೇಳುವ ರಂಗತಾಣ) ನಡೆಸುತ್ತಿದ್ದ ಗಾಯಕಿ ಪಟಾಶೂ ಅವುಗಳಲ್ಲಿ ಕೆಲವನ್ನು ತಾವು ಹಾಡಲು ಒಪ್ಪಿಕೊಂಡು, ಉಳಿದವನ್ನು ರಚಿಸಿದವರೇ ಹಾಡಬೇಕೆಂದು ಒತ್ತಾಯಿಸಿದರು. ಅಲ್ಲಿ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ನುಡಿಸುತ್ತಿದ್ದ ಪಿಯೆರ್ ನಿಕೋಲಾ ಕೊನೆಯವರೆಗೂ ಬ್ರಾಸಾನ್ಸ್ ಅವರ ಜೊತೆಗಿದ್ದರು. ಅದೇ ವರ್ಷ ನಿರ್ಮಾಪಕ ಜಾಕ್ ಕಾನೆಟ್ಟಿಯವರ ನೆರವಿನಿಂದ ಧ್ವನಿಮುದ್ರಣವೂ ಆರಂಭವಾಯಿತು.

ಮುಂದಿನದು ಬಹುಬೇಗ ನಡೆಯಿತು. ನ್ಯಾಯಾಧೀಶನನ್ನು ಗೇಲಿ ಮಾಡುವ ಬ್ರಾಸಾನ್ಸ್ ಅವರ ಗೊರಿಲ್ಲಾದ ಹಾಡು ರೇಡಿಯೊದಲ್ಲಿ ನಿಷೇಧಕ್ಕೆ ಒಳಗಾಯಿತು. ಅಂಥವರಿಗೇ 1967ರಲ್ಲಿ ಫ್ರೆಂಚ್ ಭಾಷೆಯ ಪ್ರತಿಷ್ಠಿತ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿ ತನ್ನ ಕಾವ್ಯ ಪ್ರಶಸ್ತಿಯನ್ನು ನೀಡಿತು. ಆದರೆ ವೇದಿಕೆಯ ಮೇಲೆ ಬೆವರುವುದು ಮಾತ್ರ ಅವರಿಗೆ ತಪ್ಪಲಿಲ್ಲ.