ಹಳೇ ಮನೆ ರಿಪೇರಿ: ಮೊದಲು ಅರ್ಜಿ, ಆಮೇಲೆ ಸುತ್ತಿಗೆ

ಪ್ರಶ್ನೆ: ನಾವು ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದೇವೆ. ಫೆಲ್ಸ್ ಪಾಯಿಂಟ್‌ನಲ್ಲಿ ನೂರು ವರ್ಷ ದಾಟಿದ ಇಟ್ಟಿಗೆಯ ಸಾಲುಮನೆ ಕೊಂಡಿದ್ದೇವೆ. ಚಾವಣಿ ಸೋರುತ್ತದೆ, ವೈರಿಂಗ್ ಹಳೆಯದು, ಮರದ ಕಿಟಕಿಗಳು ಅಲುಗಾಡುತ್ತವೆ. ರಿಪೇರಿ ಮಾಡಿಸಿದರೆ ಸರ್ಕಾರ ದುಡ್ಡು ವಾಪಸ್ ಕೊಡುತ್ತದೆ ಅಂತ ಒಬ್ಬರು ಹೇಳಿದರು. ಹಿಸ್ಟಾರಿಕ್ ಡಿಸ್ಟ್ರಿಕ್ಟ್‌ನಲ್ಲಿ, ಅಂದರೆ ಐತಿಹಾಸಿಕ ಅಂತ ಗುರುತಿಸಿದ ಪ್ರದೇಶದಲ್ಲಿ, ಒಂದು ಮೊಳೆ ಹೊಡೆಯೋಕೂ ಬಿಡಲ್ಲ ಅಂತ ಇನ್ನೊಬ್ಬರು. ಯಾವುದು ನಿಜ? ಮುಂದಿನ ವಾರ ಕಂಟ್ರಾಕ್ಟರ್ ಕೆಲಸ ಶುರು ಮಾಡುತ್ತಾನೆ.

ಉತ್ತರ: ಕಂಟ್ರಾಕ್ಟರ್‌ಗೆ ಇವತ್ತೇ ಫೋನ್ ಮಾಡಿ ತಡೆಯಲು ಹೇಳಿ. ಸೋರುವ ಕಡೆ ಸದ್ಯಕ್ಕೆ ಟಾರ್ಪಾಲಿನ್ ಹೊದಿಸಿದರೆ ಸಾಕು. ಈ ಯೋಜನೆಗಳಲ್ಲಿ ಜನ ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಒಪ್ಪಿಗೆ ಸಿಗುವ ಮೊದಲೇ ಕೆಲಸ ಶುರು ಮಾಡಿಬಿಡುತ್ತಾರೆ. ಆಮೇಲೆ ಎಷ್ಟು ಬಿಲ್ ತೋರಿಸಿದರೂ ಉಪಯೋಗವಿಲ್ಲ.

ನೀವು ವಾಸ ಇರುವ ಮನೆಗೆ, ಬಾಲ್ಟಿಮೋರ್ ಸೇರಿರುವ ಮೇರಿಲ್ಯಾಂಡ್ ರಾಜ್ಯದ ಟ್ಯಾಕ್ಸ್ ಕ್ರೆಡಿಟ್ ಇದೆ. ಒಪ್ಪಿಗೆಯಾದ ಖರ್ಚಿನ 20 ಶೇಕಡಾ. ಕನಿಷ್ಠ 5,000 ಡಾಲರ್ ಖರ್ಚಾಗಿರಬೇಕು, ಮತ್ತು 24 ತಿಂಗಳ ಅವಧಿಗೆ ಕ್ರೆಡಿಟ್ 50,000 ಡಾಲರ್ ದಾಟುವಂತಿಲ್ಲ. ಅಂದರೆ ಚಾವಣಿ, ವೈರಿಂಗ್, ಪ್ಲಂಬಿಂಗ್, ಕಿಟಕಿ ಎಲ್ಲ ಸೇರಿ 60,000 ಡಾಲರ್ ಆದರೆ 12,000 ಡಾಲರ್ ನಿಮ್ಮದು. ಇದು ಆದಾಯದಿಂದ ಕಳೆಯುವ ವಿನಾಯಿತಿ ಅಲ್ಲ, ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ಕಡಿತ. ರಾಜ್ಯಕ್ಕೆ ನೀವು ಕೊಡಬೇಕಾದ ತೆರಿಗೆ ಅದಕ್ಕಿಂತ ಕಡಿಮೆ ಇದ್ದರೆ ಉಳಿದದ್ದು ರೀಫಂಡ್ ಆಗಿ ಬರುತ್ತದೆ. ಹೊಸ ಕೋಣೆ ಸೇರಿಸುವುದು, ಕೈತೋಟ, ಫ್ರಿಜ್, ಪೀಠೋಪಕರಣ ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿ ಹೋಗುವುದು ಮೇರಿಲ್ಯಾಂಡ್ ಹಿಸ್ಟಾರಿಕಲ್ ಟ್ರಸ್ಟ್‌ಗೆ, ಮೂರು ಭಾಗದಲ್ಲಿ. ಮನೆ ಐತಿಹಾಸಿಕ ಹೌದೋ ಅಲ್ಲವೋ ಅನ್ನುವುದು ಮೊದಲನೆಯದು. ಏನೇನು ಕೆಲಸ ಮಾಡಿಸುತ್ತೀರಿ ಅನ್ನುವುದು ಎರಡನೆಯದು, ಕಷ್ಟ ಇರುವುದೇ ಇಲ್ಲಿ. ಮುಗಿದ ಮೇಲೆ ಫೋಟೋ ಮತ್ತು ಲೆಕ್ಕ ಕೊಡುವುದು ಮೂರನೆಯದು. ಹಾಗಾಗಿ ಈಗಲೇ ಪ್ರತಿ ಕೋಣೆಯ ನಾಲ್ಕೂ ಗೋಡೆ, ಚಾವಣಿ, ಮೆಟ್ಟಿಲು, ಒಂದೊಂದು ಕಿಟಕಿಯ ಫೋಟೋ ತೆಗೆದಿಡಿ. ಕೆಲಸ ಶುರುವಾದ ಮೇಲೆ 'ಮೊದಲು ಹೀಗಿತ್ತು' ಅಂತ ತೋರಿಸೋಕೆ ಬೇರೆ ದಾರಿಯೇ ಇರುವುದಿಲ್ಲ.

ಇನ್ನು ಮೊಳೆಯ ವಿಷಯ. ಐತಿಹಾಸಿಕ ಕಟ್ಟಡ, ಪ್ರದೇಶಗಳ ಎರಡು ಪಟ್ಟಿಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು ಅಮೆರಿಕದ ಕೇಂದ್ರ ಸರ್ಕಾರದ ನ್ಯಾಷನಲ್ ರಿಜಿಸ್ಟರ್, 1966ರ ಕಾಯ್ದೆಯಿಂದ ಬಂದದ್ದು. ಬರೀ ಅದರಲ್ಲಿ ಹೆಸರಿದ್ದರೆ ಸ್ವಂತ ದುಡ್ಡಿನಲ್ಲಿ ನಿಮ್ಮ ಮನೆಗೆ ನೀವು ಏನು ಬೇಕಾದರೂ ಮಾಡಿಕೊಳ್ಳಬಹುದು, ಕ್ರೆಡಿಟ್ ಕೇಳಿದಾಗ ಮಾತ್ರ ಷರತ್ತು. ಇನ್ನೊಂದು ನಗರದ ಪಟ್ಟಿ. ಬಾಲ್ಟಿಮೋರ್‌ನಲ್ಲಿ ಅದನ್ನು ನೋಡಿಕೊಳ್ಳುವುದು ಚಾಪ್ ಅನ್ನುವ ಆಯೋಗ. ಆ ಪಟ್ಟಿಯಲ್ಲಿದ್ದರೆ ಹೊರಗೋಡೆ, ಕಿಟಕಿ, ಬಾಗಿಲು ಬದಲಿಸುವ ಮೊದಲು ಅನುಮತಿ ಬೇಕು. ಒಳಗೆ ಮೊಳೆ ಹೊಡೆಯಲು ಯಾರೂ ಅಡ್ಡ ಬರಲ್ಲ. ಆದರೆ ಕ್ರೆಡಿಟ್ ತಗೊಂಡರೆ ಮನೆಯ ಒಳಗಿನ ಕೆಲಸವನ್ನೂ ನೋಡುತ್ತಾರೆ, ಇದು ನೆನಪಿರಲಿ. ನಿಮ್ಮ ವಿಳಾಸ ಯಾವ ಪಟ್ಟಿಯಲ್ಲಿದೆ ಅಂತ ಚಾಪ್‌ನಲ್ಲಿ ಕೇಳಿದರೆ ಹೇಳುತ್ತಾರೆ.

ಅದೇ ಚಾಪ್ ಮೂಲಕ ನಗರದ ಆಸ್ತಿ ತೆರಿಗೆಯಲ್ಲೂ 10 ವರ್ಷದ ಕ್ರೆಡಿಟ್ ಇದೆ. ರಿಪೇರಿಯಿಂದ ಮನೆಯ ಬೆಲೆ ಹೆಚ್ಚಾದಾಗ ತೆರಿಗೆಯೂ ಏರುತ್ತದೆ ಅಲ್ವಾ, ಆ ಏರಿಕೆಗೆ ಇದು ಸಿಗುತ್ತದೆ. ಖರ್ಚು ಮನೆಯ ಬೆಲೆಯ ಕಾಲು ಭಾಗದಷ್ಟಾದರೂ ಇರಬೇಕು, ಇದಕ್ಕೂ ಮೊದಲೇ ಅರ್ಜಿ ಹಾಕಬೇಕು. ನಿಯಮಗಳನ್ನು ಆಗಾಗ ತಿದ್ದುತ್ತಾರೆ, ಈ ವರ್ಷದ್ದನ್ನೇ ಓದಿಕೊಳ್ಳಿ.

ಟ್ರಸ್ಟ್‌ಗೆ ಕೊಡುವ ಅರ್ಜಿಯ ಎರಡನೇ ಭಾಗ ತಿರಸ್ಕಾರ ಆಗುವುದು ಸಾಮಾನ್ಯವಾಗಿ ಕಿಟಕಿ ಮತ್ತು ಗಾರೆಯಲ್ಲಿ. ಕಂಟ್ರಾಕ್ಟರ್ 'ಮರದ ಕಿಟಕಿ ಕಿತ್ತು ವಿನೈಲ್ (ಪ್ಲಾಸ್ಟಿಕ್) ಹಾಕೋಣ' ಅಂತಾನೆ. ಒಪ್ಪಬೇಡಿ. ರಿಪೇರಿ ಆಗುವಂಥದ್ದನ್ನು ಬದಲಿಸಬಾರದು ಅನ್ನುವುದೇ ಈ ನಿಯಮಗಳ ಮೂಲ, ಅದು ಸರಿಯಾದ ನಿಯಮ ಅಂತಲೇ ನನ್ನ ನಂಬಿಕೆ. ಹಳೇ ಮರ ಗಟ್ಟಿ ಮರ. ಕೊಳೆತ ತುಂಡು ಮಾತ್ರ ಕತ್ತರಿಸಿ ಹೊಸದು ಕೂರಿಸಿ, ಹೊರಗಿನಿಂದ ಇನ್ನೊಂದು ಗಾಜಿನ ಚೌಕಟ್ಟು ಹಾಕಿಸಿದರೆ ಚಳಿಯೂ ತಡೆಯುತ್ತದೆ.

ಗಾರೆ ಇನ್ನೂ ಮುಖ್ಯ. ನಮ್ಮೂರಿನ ಹಳೇ ಮನೆಗಳ ಹಾಗೆ ಆ ಮನೆಗಳನ್ನೂ ಸುಣ್ಣದ ಗಾರೆಯಲ್ಲೇ ಕಟ್ಟಿದ್ದಾರೆ. ಸಂದಿಯ ಗಾರೆ ಉದುರಿದ ಕಡೆ ಸಿಮೆಂಟ್ ತುಂಬಿದರೆ ನೋಡೋಕೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಸಿಮೆಂಟ್ ಆ ಮೆತ್ತನೆ ಇಟ್ಟಿಗೆಗಿಂತ ಗಟ್ಟಿ. ಗೋಡೆಯೊಳಗಿನ ತೇವ ಮೊದಲು ಸುಣ್ಣದ ಸಂದಿಯಿಂದ ಆರುತ್ತಿತ್ತು, ಈಗ ಇಟ್ಟಿಗೆಯಿಂದಲೇ ಹೊರಗೆ ಬರಬೇಕು. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಂದಿ ಗಟ್ಟಿಯಾಗಿ ನಿಂತಿರುತ್ತದೆ, ಇಟ್ಟಿಗೆ ಒಳಗೆ ಸವೆದು ಗುಳಿ ಬಿದ್ದಿರುತ್ತದೆ. ಬಾಲ್ಟಿಮೋರ್‌ನ ಬೀದಿಗಳಲ್ಲಿ ಹೀಗಾದ ಗೋಡೆಗಳಿಗೆ ಬರವಿಲ್ಲ.

ನಿಮ್ಮ ಮನೆಯ ಮುಂದೆ ಕಲ್ಲಿನ ಹಾಗೆ ಕಾಣುವ ಹೊದಿಕೆ ಇದ್ದರೆ ಅದು ಫಾರ್ಮ್‌ಸ್ಟೋನ್. ಅದು ಕಲ್ಲಲ್ಲ, ಇಟ್ಟಿಗೆಯ ಮೇಲೆ ಲೋಹದ ಜಾಲರಿ ಹೊಡೆದು ಬಳಿದ ಸಿಮೆಂಟ್. 1937ರಲ್ಲಿ ಇದೇ ಊರಿನಲ್ಲಿ ಇದಕ್ಕೆ ಪೇಟೆಂಟ್ ಆಯಿತು. ಅದನ್ನು ಕೀಳುವ ಮೊದಲು ಕೇಳಿ, ಒಳಗಿನ ಇಟ್ಟಿಗೆ ಯಾವ ಸ್ಥಿತಿಯಲ್ಲಿದೆಯೋ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. 1960ರ ದಶಕದ ಕೊನೆಯಲ್ಲಿ ನಿಮ್ಮ ಫೆಲ್ಸ್ ಪಾಯಿಂಟ್ ಮೇಲೆಯೇ ದೊಡ್ಡ ಹೈವೇ ಹಾಯಿಸುವ ಯೋಜನೆ ಇತ್ತು. ಅಲ್ಲಿನ ಜನ ಹೋರಾಡಿ ನಿಲ್ಲಿಸಿದರು. ಮುಂದೆ ನಿಂತವರಲ್ಲಿ ಒಬ್ಬರು ಬಾರ್ಬರಾ ಮಿಕಲ್‌ಸ್ಕಿ, ಆಗ ಸಮಾಜ ಕಾರ್ಯಕರ್ತೆ, ಆಮೇಲೆ ಮೂವತ್ತು ವರ್ಷ ಸೆನೆಟರ್. 1969ರಲ್ಲಿ ಆ ಪ್ರದೇಶ ನ್ಯಾಷನಲ್ ರಿಜಿಸ್ಟರ್ ಸೇರಿತು. ಇವತ್ತು ನಿಮಗೆ ಕ್ರೆಡಿಟ್ ಸಿಗುವುದು ಆ ಪಟ್ಟಿಯಿಂದಲೇ.

ಪ್ರಶ್ನೆ: ಇಂಥದ್ದೇ ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ಕೇಂದ್ರ ಸರ್ಕಾರದ ಕ್ರೆಡಿಟ್ ಸಿಗುತ್ತದಂತೆ, ಹೌದಾ? ನಾವಿಬ್ಬರೂ ಕೆಲಸದಲ್ಲಿದ್ದೇವೆ.

ಉತ್ತರ: ಹೌದು. ಕೇಂದ್ರದ 20 ಶೇಕಡಾ ಕ್ರೆಡಿಟ್ ಆದಾಯ ತರುವ ಕಟ್ಟಡಗಳಿಗೆ ಮಾತ್ರ, ಸ್ವಂತ ವಾಸದ ಮನೆಗಿಲ್ಲ. 2017ರ ತಿದ್ದುಪಡಿಯ ನಂತರ ಅದು ಒಂದೇ ಸಲ ಸಿಗುವುದಿಲ್ಲ, ವರ್ಷಕ್ಕೆ 4 ಶೇಕಡಾ ಹಾಗೆ 5 ವರ್ಷ. ಖರ್ಚಿನ ಷರತ್ತು ದೊಡ್ಡದು. ಜಾಗದ ಬೆಲೆ ಬಿಟ್ಟು ಕಟ್ಟಡಕ್ಕೆ 2,40,000 ಡಾಲರ್ ಕೊಟ್ಟಿದ್ದರೆ ರಿಪೇರಿಗೆ ಅದಕ್ಕಿಂತ ಜಾಸ್ತಿ ಹಾಕಬೇಕು, ಸಾಮಾನ್ಯವಾಗಿ 24 ತಿಂಗಳೊಳಗೆ. ಒಳ್ಳೇ ಸ್ಥಿತಿಯ ಮನೆಗೆ ಇದು ಹೊಂದುವುದಿಲ್ಲ, ಪಾಳುಬಿದ್ದದ್ದನ್ನು ಕಡಿಮೆ ಬೆಲೆಗೆ ಕೊಂಡವರಿಗೆ ಸರಿ. 5 ವರ್ಷದೊಳಗೆ ಮಾರಿದರೆ ಒಂದಷ್ಟು ವಾಪಸ್ ಕೊಡಬೇಕು. ಇಬ್ಬರ ಸಂಬಳ ಸೇರಿ ಆದಾಯ 2 ಲಕ್ಷ ಡಾಲರ್ ದಾಟುತ್ತಿದ್ದರೆ ಆ ವರ್ಷಕ್ಕೆ ಬಳಸಿಕೊಳ್ಳುವ ಮೊತ್ತ ಕಡಿಮೆಯಾಗುತ್ತಾ ಹೋಗುತ್ತದೆ. ಕೊಳ್ಳುವ ಮೊದಲೇ ಒಬ್ಬ ಒಳ್ಳೇ ಲೆಕ್ಕಪರಿಶೋಧಕರ ಹತ್ತಿರ ಕೂತು ಮಾತಾಡಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ತಾತನ ಕಾಲದ ತೊಟ್ಟಿ ಮನೆ ಇದೆ. ನಮಗೂ ಇಂಥ ಕ್ರೆಡಿಟ್ ಇದೆಯಾ?

ಉತ್ತರ: ಆದಾಯ ತೆರಿಗೆಯಲ್ಲಿ ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿರುವವರು ಸ್ವಂತ ವಾಸದ ಮನೆಯ ರಿಪೇರಿ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಕಳೆಯಬಹುದು. ಅದು ಮೊನ್ನೆ ಕಟ್ಟಿದ ಮನೆಗೂ ಅಷ್ಟೇ, ನಿಮ್ಮ ತೊಟ್ಟಿ ಮನೆಗೂ ಅಷ್ಟೇ. ಬಾಡಿಗೆಗೆ ಕೊಟ್ಟರೆ ಬಾಡಿಗೆಯ 30 ಶೇಕಡಾ ಕಳೆಯುತ್ತಾರೆ, ನೀವು ರಿಪೇರಿ ಮಾಡಿಸಿದರೂ ಸರಿ, ಸುಮ್ನೆ ಬಿಟ್ಟರೂ ಸರಿ. ಕಂಬ, ಹೆಂಚು ಉಳಿಸಿಕೊಂಡವರಿಗೆ ಅಂತ ಏನೂ ಇಲ್ಲ, ಇದು ನನಗೆ ನಿಜವಾಗಿ ಬೇಸರದ ವಿಷಯ. ಬಾಲ್ಟಿಮೋರ್‌ನಂಥ ಆಸ್ತಿ ತೆರಿಗೆ ರಿಯಾಯಿತಿ ಹಳೇ ಮನೆಗಳಿಗೂ ಬೇಕು ಅಂತ ಪಾಲಿಕೆಗೆ ಮನವಿ ಕೊಡಿ. ನಿಮ್ಮ ಬೀದಿಯಲ್ಲಿ ಇಂಥ ಮನೆ ಇರುವವರೆಲ್ಲರ ಸಹಿಯೂ, ಪ್ರತಿ ಮನೆಯ ಒಂದು ಫೋಟೋವೂ ಅದರ ಜೊತೆ ಇರಲಿ.