ಹೊಸ ಆಕ್ಸಿಲರೇಟರ್ ಕೇಬಲ್ ಹಾಕಿದ ಮೇಲೆ ಎಂಜಿನ್ ತಾನಾಗಿ ರೇಸ್ ಆಗುವುದು

ನಮಸ್ಕಾರ. ಬೈಕಿಗೆ ಮನೆಯಲ್ಲೇ ಹೊಸ ಆಕ್ಸಿಲರೇಟರ್ ಕೇಬಲ್ ಹಾಕಿದಾಗಿನಿಂದ ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಎಂಜಿನ್ ತಾನಾಗಿ ರೇಸ್ ಆಗುತ್ತದೆ, ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬಿಚ್ಚಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಅದಕ್ಕೆ ಈಗಲೇ ಕೈ ಹಾಕಬೇಡಿ. ನೀವು ಹೇಳುವ ಲಕ್ಷಣ ನೋಡಿದರೆ ಕೇಬಲ್ ಹಳೆಯದು ಹೋಗಿದ್ದ ದಾರಿ ಬಿಟ್ಟು ಫ್ರೇಮಿನ ಕುತ್ತಿಗೆಯ (ಹ್ಯಾಂಡಲ್ ತಿರುಗುವ ಜಾಗದ) ಬಳಿ ಬಿಗಿಯಾಗಿ ಎಳೆದುಕೊಳ್ಳುತ್ತಿರಬೇಕು. ಟ್ಯಾಂಕ್ ತೆಗೆದು, ಒಬ್ಬರಿಂದ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಲು ಹೇಳಿ, ಕೇಬಲ್ ಎಲ್ಲಿ ಸೆಟೆದು ನಿಲ್ಲುತ್ತದೆ ಎಂಬುದನ್ನು ಕಣ್ಣಾರೆ ನೋಡಿ, ಅದನ್ನು ಹಳೆಯ ಕೇಬಲ್‌ನ ದಾರಿಯಲ್ಲೇ ಹಾಯಿಸಿ. ಕೇಬಲ್‌ನ ಹೊರಕವಚದ ತುದಿಯ ಲೋಹದ ಟೋಪಿ ತನ್ನ ಗುಳಿಯಲ್ಲಿ ಪೂರ್ತಿ ಕೂರದೆ ಅಂಚಿನ ಮೇಲೆಯೇ ನಿಂತಿದ್ದರೂ ಇದೇ ತೊಂದರೆ ಬರುತ್ತದೆ, ಅದು ಸುಲಭವಾಗಿ ಕಣ್ತಪ್ಪುತ್ತದೆ. ಆಮೇಲೆ ಕೇಬಲ್‌ನ ಅಡ್ಜಸ್ಟರ್ ಅಲುಗದಂತೆ ಹಿಡಿದಿಡುವ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರ್ ತಿರುಗಿಸಿ, ಗ್ರಿಪ್ಪಿನ ಅಂಚಿನಲ್ಲಿ ಅಳೆದಾಗ ಸಾಮಾನ್ಯವಾಗಿ 2ರಿಂದ 6 ಮಿಲಿಮೀಟರ್‌ನಷ್ಟು ಸಡಿಲ (ಕೇಬಲ್ ಎಳೆಯುವ ಮೊದಲು ಗ್ರಿಪ್ ಸುಮ್ಮನೆ ತಿರುಗುವ ದೂರ) ಇರುವಂತೆ ಹೊಂದಿಸಿ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಗ್ರಿಪ್ ಬಿಟ್ಟ ಕೂಡಲೇ ಪಟಕ್ಕನೆ ಹಿಂದಿರುಗದಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸಲೇಬೇಡಿ.