ಪೇಢೆಯ ಡಬ್ಬಿಗೆ ಬಿದ್ದ ವಿಜ್ಞಾನಿ ಬದುಕಿಯಾನೇ?

ಪ್ರಶ್ನೆ: ನಾನು ಧಾರವಾಡದ ಪ್ರೌಢಶಾಲೆಯೊಂದರ ಶಿಕ್ಷಕಿ. ನಮ್ಮ ಮಕ್ಕಳು ತಾವೇ ಬರೆದು ಆಡಿದ ನಗೆನಾಟಕದಲ್ಲಿ ಒಬ್ಬ ವಿಜ್ಞಾನಿ ಯಂತ್ರವೊಂದರೊಳಗೆ ಹೊಕ್ಕು ನೂರು ಪಟ್ಟು ಕುಗ್ಗುತ್ತಾನೆ. ಮೇಜಿನ ಮೇಲಿನ ಪೇಢೆಯ ಡಬ್ಬಿಗೆ ಬೀಳುತ್ತಾನೆ, ಆದರೆ ಪೆಟ್ಟಾಗುವುದಿಲ್ಲ. ಕೊನೆಗೆ ಬಸಿಯಲ್ಲಿ ಆರಿದ ಚಹಾವನ್ನು ಈಜಿ ದಾಟಿ ಪಾರಾಗುತ್ತಾನೆ. ಇದರಲ್ಲಿ ನಿಜವೆಷ್ಟು ಎಂದು ಮಕ್ಕಳು ಕೇಳುತ್ತಿದ್ದಾರೆ.

ಉತ್ತರ: 170 ಸೆಂ.ಮೀ. ಎತ್ತರದ, 65 ಕಿಲೋ ತೂಕದ ಮನುಷ್ಯ ಎಲ್ಲ ದಿಕ್ಕಿನಲ್ಲೂ ನೂರು ಪಟ್ಟು ಕುಗ್ಗಿದರೆ ಅವನ ಎತ್ತರ 1.7 ಸೆಂ.ಮೀ. ಆಗುತ್ತದೆ. ಆದರೆ ಚರ್ಮದ ವಿಸ್ತೀರ್ಣ 10 ಸಾವಿರ ಪಟ್ಟು, ದೇಹದ ಘನಫಲ 10 ಲಕ್ಷ ಪಟ್ಟು ಇಳಿಯುತ್ತವೆ. ಈ ಮೂರೂ ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲವಾದ್ದರಿಂದಲೇ ದೊಡ್ಡ ಪ್ರಾಣಿಯ ಮೂಳೆ ಉದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ದಪ್ಪವಾಗಿರಬೇಕೆಂದು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಕಥೆಯ ದುರ್ಬಲ ಭಾಗ ಯಂತ್ರವೇ. ಅದು ಇದ್ದ ಪರಮಾಣುಗಳನ್ನೆಲ್ಲ ಒತ್ತಿ ಕುಗ್ಗಿಸುತ್ತದೆ ಎಂದರೆ ವಿಜ್ಞಾನಿಯ ಸಾಂದ್ರತೆ ನೀರಿನ ಸುಮಾರು 10 ಲಕ್ಷ ಪಟ್ಟಾಗುತ್ತದೆ. ಅಂಥ ಸಾಂದ್ರತೆ ಇರುವುದು ಇಂಧನ ಮುಗಿದು ಕುಗ್ಗಿದ ಶ್ವೇತಕುಬ್ಜ ನಕ್ಷತ್ರಗಳಲ್ಲಿ, ಅಂದರೆ 1983ರ ನೊಬೆಲ್ ಪುರಸ್ಕೃತ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು ಯಾವುವುಗಳ ಗರಿಷ್ಠ ದ್ರವ್ಯರಾಶಿಯನ್ನು ಲೆಕ್ಕಹಾಕಿದರೋ ಆ ನಕ್ಷತ್ರಗಳಲ್ಲಿ. 65 ಕಿಲೋ ಭಾರವನ್ನು ಅಷ್ಟು ಚಿಕ್ಕ ಪಾದಗಳ ಮೇಲೆ ಹೊತ್ತವನು ಪೇಢೆಯನ್ನಷ್ಟೇ ಅಲ್ಲದೆ ಮೇಜಿನ ಹಲಗೆಯನ್ನೂ ತೂರಿ ಇಳಿಯುತ್ತಾನೆ. ಇನ್ನು, ಪರಮಾಣುಗಳನ್ನು ಕಡಿಮೆ ಮಾಡಿ ಕುಗ್ಗಿಸುತ್ತದೆ ಎಂದರೆ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಉಳಿಯುವುದು 86 ಸಾವಿರ ಮಾತ್ರ. ಜೇನುನೊಣಕ್ಕೇ ಸುಮಾರು 10 ಲಕ್ಷ ಇವೆ.

ಯಂತ್ರವನ್ನು ಒಪ್ಪಿಕೊಂಡು ಮುಂದೆ ಹೋದರೆ ನಿಜವಾದ ಸ್ವಾರಸ್ಯ ಹಸಿವಿನಲ್ಲಿದೆ. ದೇಹವು ಶಾಖವನ್ನು ಕಳೆದುಕೊಳ್ಳುವುದು ಚರ್ಮದ ಮೂಲಕ. ದಿನಕ್ಕೆ 2,000 ಕಿಲೋಕ್ಯಾಲರಿ ಬೇಕಿದ್ದವನಿಗೆ ಈಗ ಕನಿಷ್ಠ 0.2 ಕಿಲೋಕ್ಯಾಲರಿ ಬೇಕು. ಒಂದು ಗ್ರಾಂ ಪೇಢೆಯಲ್ಲಿ ಸುಮಾರು 4 ಕಿಲೋಕ್ಯಾಲರಿ ಇದೆಯೆಂದು ಹಿಡಿದರೆ ಅದು 50 ಮಿಲಿಗ್ರಾಂ ಪೇಢೆ. ಅವನ ತೂಕವೇ 65 ಮಿಲಿಗ್ರಾಂ! ಬಿಸಿರಕ್ತದ ಪುಟ್ಟ ಪ್ರಾಣಿಗಳಾದ ಸುಂಡಿಲಿಗಳು ಎಡೆಬಿಡದೆ ತಿನ್ನುತ್ತಿರುವುದೂ ಇದೇ ಕಾರಣಕ್ಕೆ. ನಿಮ್ಮ ಮಕ್ಕಳು ಅರಿತೋ ಅರಿಯದೆಯೋ ನಾಯಕನನ್ನು ಸರಿಯಾದ ಜಾಗಕ್ಕೇ ಬೀಳಿಸಿದ್ದಾರೆ. ಬಿದ್ದಾಗ ಪೆಟ್ಟಾಗಲಿಲ್ಲ ಎಂಬುದೂ ಸರಿ; ಅಷ್ಟು ಹಗುರ ದೇಹವನ್ನು ಗಾಳಿಯೇ ತಡೆದು ನಿಧಾನಿಸುತ್ತದೆ.

ಕಣ್ಣು ಮಾತ್ರ ಕೈಕೊಡುತ್ತದೆ. ಪಾಪೆ ನೂರು ಪಟ್ಟು ಕಿರಿದಾದಾಗ ಅದರ ಮೂಲಕ ಹಾದುಬರುವ ಬೆಳಕು ಹರಡಿಕೊಂಡು, ಹುಣ್ಣಿಮೆಯ ಚಂದ್ರನೂ ದುಂಡಗೆ ಕಾಣದೆ ಮಸುಕು ಕಲೆಯಾಗುತ್ತಾನೆ.

ಚಹಾದ ದೃಶ್ಯವನ್ನು ತಿದ್ದಬೇಕು. ಅಷ್ಟೇ ಉದ್ದದ ಗೊದಮೊಟ್ಟೆಗಳು ಈಜುವುದರಿಂದ ಈಜಿಗೆ ನನ್ನ ಆಕ್ಷೇಪವಿಲ್ಲ. ತೊಂದರೆಯಿರುವುದು ಮೇಲೆ ಬಂದ ಬಳಿಕ. ಕಾಲು ಮಿಲಿಮೀಟರ್ ದಪ್ಪದ ನೀರಿನ ಪದರ ಮೈಗೆ ಅಂಟಿಕೊಂಡರೂ ಅದು ಸುಮಾರು 45 ಮಿಲಿಗ್ರಾಂ, ಅಂದರೆ ಅವನ ತೂಕದ ಮೂರನೆಯ ಎರಡು ಭಾಗ. ಸ್ನಾಯುಬಲವು ವಿಸ್ತೀರ್ಣದಂತೆ ಇಳಿಯುವುದರಿಂದ ತೂಕಕ್ಕೆ ಹೋಲಿಸಿದರೆ ಅವನು ಬಲಶಾಲಿಯೇ. ಆ ಭಾರವನ್ನು ಹೊರಬಲ್ಲ. ಆದರೆ ಆ ನೀರನ್ನು ಆರಿಸುವ ಶಾಖವನ್ನೆಲ್ಲ ಮೈಯೇ ಕೊಡಬೇಕಾದರೆ ದಿನದ ಆಹಾರದ ಸುಮಾರು ಎಂಟನೆಯ ಒಂದು ಭಾಗ ಅದಕ್ಕೇ ಖರ್ಚಾಗುತ್ತದೆ. ಆದ್ದರಿಂದ ನಾಯಕ ಚಹಾದಿಂದ ಎದ್ದವನೇ ನಡುಗುತ್ತ ಮತ್ತೆ ಪೇಢೆಯ ಡಬ್ಬಿಗೇ ಓಡುವಂತೆ ಕೊನೆಯ ದೃಶ್ಯವನ್ನು ಮಕ್ಕಳಿಂದ ಬರೆಯಿಸಿ.